ಮದ್ಯಮಾವಧಿ ಸಾಲ ಮತ್ತು 27 ಇಂಚಿನ ಮಾನಿಟರ್

2025ರ ಸೆಪ್ಟೆಂಬರ್‌ನಲ್ಲಿ ಒಂದು ಸಹಕಾರ ಸಂಘದ ವಾರ್ಷಿಕ ವರದಿಗೆ ಪುಟ ಕಟ್ಟಿಕೊಟ್ಟಿದ್ದೆ. 64 ಪುಟ. ಕರಡು ತಿದ್ದಿದ್ದೂ ನಾನೇ. ಸರ್ವಸದಸ್ಯರ ಸಭೆ ಮುಗಿದ ಮಾರನೇ ದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು.

"ಏನ್ ಸ್ವಾಮಿ, ನಮ್ಮ ಸಂಘದಲ್ಲಿ ಕುಡಿಯೋದಕ್ಕೂ ಸಾಲ ಕೊಡ್ತೀವಿ ಅಂತ ಹಾಕಿಬಿಟ್ಟಿದ್ದೀರಲ್ಲ!"

ವರದಿ ತೆಗೆದು ನೋಡಿದೆ. 31ನೇ ಪುಟ. ಅಲ್ಪಾವಧಿ ಸಾಲ ಸರಿ ಇದೆ. ದೀರ್ಘಾವಧಿ ಸಾಲವೂ ಸರಿ ಇದೆ. ನಡುವೆ, ದಪ್ಪ ಅಕ್ಷರದಲ್ಲಿ, "ಮದ್ಯಮಾವಧಿ ಸಾಲ". ಸಭೆಯಲ್ಲಿ ಯಾರೋ ಒಬ್ಬರು ಎದ್ದು ನಿಂತು, "ಅಧ್ಯಕ್ಷರೇ, ಈ ಸಾಲಕ್ಕೆ ಜಾಮೀನು ಬೇಕಾ?" ಅಂತ ಕೇಳಿದರಂತೆ. ಸಭೆ ಪೂರ್ತಿ ನಕ್ಕಿತಂತೆ. ನನಗೆ ಮಾತ್ರ ಆ ದಿನ ತಿಂಡಿ ಸೇರಲಿಲ್ಲ.

ತಪ್ಪು ಟೈಪ್ ಮಾಡಿದವರದ್ದು, ನಿಜ. ಆದರೆ ಹಿಡಿಯಬೇಕಾದವನು ನಾನು. ಎರಡು ಸಲ ಓದಿದ್ದೆ. ಪ್ರಿಂಟ್ ತೆಗೆದು ಓದಿದ್ದರೆ ಸಿಕ್ಕಿಬೀಳುತ್ತಿತ್ತೋ ಏನೋ. ಆತುರ ಇತ್ತು, ಪರದೆಯ ಮೇಲೇ ಓದಿ ಮುಗಿಸಿದ್ದೆ. ಆ ಪರದೆ ಹತ್ತು ವರ್ಷ ಹಳೆಯದು, 21.5 ಇಂಚಿನದು. ಅದರಲ್ಲಿ ಇಡೀ ಪುಟ ಕಾಣುವ ಹಾಗೆ ಇಟ್ಟುಕೊಂಡು ಅದೇ ಪದವನ್ನು ಮತ್ತೆ ನೋಡಿದೆ. ಪಕ್ಕದಲ್ಲಿ ಸರಿಯಾದ "ಮಧ್ಯ" ಟೈಪ್ ಮಾಡಿ ಹೋಲಿಸಿದೆ. ಎರಡೂ ಒಂದೇ ಥರ ಕಂಡವು. ದ ಅಕ್ಷರದ ಹೊಟ್ಟೆ ಸೀಳಿದರೆ ಧ, ಅಲ್ವಾ? ಆ ಸೀಳು ನನ್ನ ಪರದೆಯಲ್ಲಿ ಒಂದು ಬೂದು ಚುಕ್ಕಿಯಾಗಿತ್ತು. ಅದರ ಮಗ್ಗುಲಲ್ಲೇ ಯ ಒತ್ತು ಬಂದು ಕೂತು, ಇದ್ದ ಚೂರು ಸಂದನ್ನೂ ಮುಚ್ಚಿಬಿಟ್ಟಿತ್ತು.

ಅವತ್ತು ಸಂಜೆ ಮನೆಯಲ್ಲಿ ಘೋಷಣೆ ಮಾಡಿದೆ: ದೊಡ್ಡ ಮಾನಿಟರ್ ತರುತ್ತೇನೆ. ಬಜೆಟ್ 15 ಸಾವಿರ. ಹೆಂಡತಿ "ಕನ್ನಡಕ ಬದಲಾಯಿಸಿ ನೋಡಿ ಮೊದಲು" ಅಂದಳು. ನಾನು ಕೇಳಿಸದವನಂತೆ ಇದ್ದೆ.

ಮೊದಲ ಪ್ರಯತ್ನ ಪೆದ್ದತನದ್ದು. ಹಬ್ಬದ ರಿಯಾಯಿತಿ ನಡೀತಿತ್ತು. ಆನ್‌ಲೈನ್‌ನಲ್ಲಿ 27 ಇಂಚಿನದೊಂದು ಹತ್ತು ಸಾವಿರಕ್ಕೂ ಕಡಿಮೆಗೆ ಸಿಕ್ಕಿತು. ಇಷ್ಟು ದೊಡ್ಡದು, ಇಷ್ಟು ಅಗ್ಗ, ಇನ್ನೇನು ಯೋಚನೆ ಅಂತ ಒತ್ತಿಬಿಟ್ಟೆ. ಮೂರನೇ ದಿನ ಬಂತು. ಜೋಡಿಸಿ, 31ನೇ ಪುಟ ತೆರೆದೆ. ಅಕ್ಷರಗಳು ಖಂಡಿತ ದೊಡ್ಡದಾಗಿದ್ದವು. ಆದರೆ ಧ ಮಾತ್ರ ಇನ್ನೂ ದ ಥರಾನೇ ಕಾಣುತ್ತಿತ್ತು. ಮೊದಲು ಸಣ್ಣ ಬೂದು ಚುಕ್ಕಿ ಇತ್ತು, ಈಗ ದೊಡ್ಡ ಬೂದು ಚುಕ್ಕಿ.

ಇದು ಯಾಕೆ ಅಂತ ಅರ್ಥವಾಗಲು ನನಗೆ ಒಂದು ರಾತ್ರಿ ಬೇಕಾಯಿತು. ನನ್ನ ಹಳೇ 21.5 ಇಂಚಿನ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಚುಕ್ಕಿ ಅಂದರೆ ಇಲ್ಲಿ ಪಿಕ್ಸೆಲ್, ಚಿತ್ರ ಮೂಡಿಸುವ ಬೆಳಕಿನ ಬಿಂದು. ಅದನ್ನೇ ಫುಲ್ ಎಚ್‌ಡಿ ಅನ್ನುವುದು. ಹೊಸ 27 ಇಂಚಿನದರಲ್ಲೂ ಅಷ್ಟೇ ಚುಕ್ಕಿ. ಒಂದೇ ಒಂದು ಚುಕ್ಕಿ ಜಾಸ್ತಿ ಇಲ್ಲ. ಒಂದು ಸೌಟು ಹಿಟ್ಟನ್ನು ದೊಡ್ಡ ಕಾವಲಿ ಮೇಲೆ ಎಳೆದರೆ ದೋಸೆ ಅಗಲ ಆಗುತ್ತದೆ, ಜೊತೆಗೆ ತೂತೂ ಬೀಳುತ್ತದೆ. ಹಳೆಯದರಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 0.25 ಮಿಲಿಮೀಟರ್. ಹೊಸದರಲ್ಲಿ 0.31. ನಾನು ದುಡ್ಡು ಕೊಟ್ಟು ತಂದದ್ದು ದಪ್ಪ ಚುಕ್ಕಿಗಳನ್ನು.

ಪುಟ ಕಟ್ಟುವವನ ಲೆಕ್ಕದಲ್ಲಿ ಹೇಳುತ್ತೇನೆ. ಎ4 ಹಾಳೆ ಪೂರ್ತಿ ಕಾಣುವಂತೆ ಇಟ್ಟುಕೊಂಡರೆ, ಮೇಲಿನ ಮೆನು, ಕೆಳಗಿನ ಪಟ್ಟಿ ಎಲ್ಲ ಕಳೆದು ಪುಟಕ್ಕೆ ಸಿಗುವುದು ಉದ್ದಕ್ಕೆ 900 ಚುಕ್ಕಿ ಅಂತಿಟ್ಟುಕೊಳ್ಳಿ. ಆಗ 12 ಪಾಯಿಂಟ್ ಅಕ್ಷರಕ್ಕೆ ಸಿಗುವ ಎತ್ತರ ಸುಮಾರು 13 ಚುಕ್ಕಿ. ಅಷ್ಟರಲ್ಲೇ ತಲೆಕಟ್ಟು, ಗುಡಿಸು, ಕೊಂಬು, ಹೊಟ್ಟೆ, ಸೀಳು, ಕೆಳಗೊಂದು ಒತ್ತು ಎಲ್ಲ ಸಂಸಾರ ಹೂಡಬೇಕು. ಇಂಗ್ಲಿಷ್‌ನವರಿಗೆ ಈ ಕಷ್ಟ ಕಡಿಮೆ. ಅವರ ಅಕ್ಷರ ಒಂದು ಗೆರೆಯ ಮೇಲೆ ನಿಂತು, ಒಂದೆರಡು ಕಡೆ ಬಾಲ ಇಳಿಸುತ್ತದೆ. ನಮ್ಮ "ರಾಷ್ಟ್ರ", "ಸ್ತ್ರೀ" ಅನ್ನುವ ಪದಗಳು ಎರಡು ಅಂತಸ್ತಿನ ಮನೆ. ಅದಕ್ಕೇ, ಇಂಗ್ಲಿಷ್ ಓದುವವರು "ಫುಲ್ ಎಚ್‌ಡಿ ಸಾಕು ಬಿಡಿ" ಅಂದಾಗ ನಾವು ತಲೆ ಆಡಿಸಬೇಕಾಗಿಲ್ಲ.

ಮಾನಿಟರ್ ವಾಪಸ್ ಕಳಿಸಿದೆ. ದುಡ್ಡು ಬಂತು, ಪುಣ್ಯಕ್ಕೆ.

ಆಮೇಲೆ ಸುಮ್ನೆ ಟೇಪು ಹಿಡಿದು ಕೂತೆ. ಮಾನಿಟರ್ ಅಳತೆ ಹೇಳುವುದು ಮೂಲೆಯಿಂದ ಮೂಲೆಗೆ. ಆ ಓರೆ ಅಳತೆಯಷ್ಟು ದಾರಿ ತಪ್ಪಿಸುವ ಸಂಖ್ಯೆ ಇನ್ನೊಂದಿಲ್ಲ. ಮೊದಲು ನಾನು ಕೆಲಸ ಮಾಡುತ್ತಿದ್ದ ಡಿಟಿಪಿ ಸೆಂಟರ್‌ನಲ್ಲಿ 19 ಇಂಚಿನ, ಹೆಚ್ಚುಕಮ್ಮಿ ಚೌಕನೆಯ ಒಂದು ಪರದೆ ಇತ್ತು. ಅದರ ಎತ್ತರ 30 ಸೆಂಟಿಮೀಟರ್. ಈಗಿನ 24 ಇಂಚಿನ ಅಗಲ ಪರದೆಯ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ, 30 ಸೆಂಟಿಮೀಟರಿಗೆ ಚೂರು ಕಡಿಮೆ. ಐದು ಇಂಚು ಜಾಸ್ತಿ ಆಗಿದ್ದೆಲ್ಲ ಅಕ್ಕಪಕ್ಕಕ್ಕೆ ಹೋಗಿದೆ. ಸಿನಿಮಾಕ್ಕೆ ಸರಿ. ನಮ್ಮ ಪುಟ ನಿಂತಿರುತ್ತದೆ, ಮಲಗಿರುವುದಿಲ್ಲ.

ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಎತ್ತರ. ನನ್ನ ಹಳೇ ಪರದೆ ಎತ್ತರ 27 ಕೂಡ ಇಲ್ಲ. ಅಂದರೆ ಇಷ್ಟು ವರ್ಷ ಒಂದು ಪುಟವನ್ನೂ ಅದರ ನಿಜವಾದ ಅಳತೆಯಲ್ಲಿ ಪೂರ್ತಿಯಾಗಿ ನೋಡಿಯೇ ಇರಲಿಲ್ಲ! 27 ಇಂಚಿನದು ಸುಮಾರು 60 ಅಗಲ, 33.6 ಎತ್ತರ. ಎರಡು ಎ4 ಪುಟ ಅಕ್ಕಪಕ್ಕ ಇಟ್ಟರೂ 18 ಸೆಂಟಿಮೀಟರ್ ಮಿಗುತ್ತದೆ. 32 ಇಂಚಿನದು 71 ಅಗಲ, 40 ಎತ್ತರ. ಅದರಲ್ಲಿ ಮೂರು ಪುಟ ಹಿಡಿಸುತ್ತವೆ.

ಮೂರು ಪುಟ ಅಂದ ಕೂಡಲೇ ಆಸೆ ಆಯಿತು. ಹಳೇ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಅಟ್ಟದ ಮೇಲಿತ್ತು. ಅದನ್ನು ಇಳಿಸಿ 71 ಅಗಲ, 40 ಎತ್ತರಕ್ಕೆ ಕತ್ತರಿಸಿ, ಮೇಜಿನ ಮೇಲೆ ಗೋಡೆಗೆ ಒರಗಿಸಿದೆ. ಎರಡು ದಿನ ಅದರ ಎದುರು ಕೂತೆ. ಹುಚ್ಚು ಅನ್ನಿಸಬಹುದು. ಆದರೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ನನ್ನ ಮೇಜು ಎರಡಡಿ ಆಳದ್ದು. ಎಡ ಮೂಲೆಯಿಂದ ಬಲ ಮೂಲೆಗೆ ನೋಡಬೇಕಾದರೆ ಕಣ್ಣು ಸಾಲದು, ಕತ್ತೇ ತಿರುಗಬೇಕು. ಮೇಲಿನ ಅಂಚು ನೋಡಲು ಗದ್ದ ಎತ್ತಬೇಕು, ಯಾಕೆಂದರೆ ನನ್ನ ಕನ್ನಡಕದ ಓದುವ ಭಾಗ ಕೆಳಗಿದೆ. ಎರಡನೇ ದಿನ ಸಂಜೆಗೆ ಕತ್ತು ಹಿಡಿಯಿತು. ಅಷ್ಟರಲ್ಲಿ ಮಗಳು ಆ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಐಕಾನ್‌ಗಳನ್ನು ಬರೆದು, ಕೆಳಗೆ "ಅಪ್ಪನ ಕಂಪ್ಯೂಟರ್, ಕರೆಂಟ್ ಬೇಕಿಲ್ಲ" ಅಂತ ಸೇರಿಸಿದ್ದಳು. 32 ಇಂಚು ಕೈಬಿಟ್ಟೆ.

ಭಾವಮೈದುನ ಬಂದಿದ್ದ. ಅವನದು ಬೇರೆ ರಾಗ. "ಭಾವ, ಟಿವಿ ತಗೊಳ್ಳಿ. 43 ಇಂಚು, 4ಕೆ. ಮಾನಿಟರ್ ದುಡ್ಡಿಗೆ ಎರಡರಷ್ಟು ದೊಡ್ಡದು ಬರುತ್ತೆ." 4ಕೆ ಅಂದರೆ ಫುಲ್ ಎಚ್‌ಡಿಯ ನಾಲ್ಕರಷ್ಟು ಚುಕ್ಕಿ. ಅವನ ಮಾತಲ್ಲಿ ಲೆಕ್ಕ ಇತ್ತು. 32 ಇಂಚಿಗಿಂತ ದೊಡ್ಡ ಟಿವಿ, ಮಾನಿಟರ್‌ಗಳಿಗೆ 28 ಶೇಕಡ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿತ್ತು. 32 ಇಂಚಿನವರೆಗಿನವಕ್ಕೆ 2019ರ ಜನವರಿಯಿಂದಲೇ 18ರ ದರ ಇತ್ತು. ಹಾಗಾಗಿ ದೊಡ್ಡ ಟಿವಿಗಳ ಬೆಲೆ ಇಳಿದ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಅವನ ಮನೆಗೇ ಲ್ಯಾಪ್‌ಟಾಪ್ ತಗೊಂಡು ಹೋಗಿ ಅವನ ಟಿವಿಗೆ ಹಚ್ಚಿದೆ.

ಇಲ್ಲಿ ಎರಡು ಪಾಠ ಆಯಿತು. ಮೊದಲನೆಯದು, ಮೌಸ್ ಬಾಣ ಎಮ್ಮೆ ಥರ ನಡೆಯಿತು. ನನ್ನ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಕಿಂಡಿ ಹಳೇ 1.4 ಪೀಳಿಗೆಯದು. ಅದರಿಂದ 4ಕೆ ಚಿತ್ರ ಹೊರಟರೆ ಸೆಕೆಂಡಿಗೆ 30 ಸಲಕ್ಕಿಂತ ಹೆಚ್ಚು ಬದಲಾಗುವುದಿಲ್ಲ. 60 ಬೇಕಾದರೆ 2.0 ಇರಬೇಕು, ಇಲ್ಲವೇ ಡಿಸ್‌ಪ್ಲೇಪೋರ್ಟ್ ಅನ್ನುವ ಬೇರೆ ಥರದ ಕಿಂಡಿ. ಪರದೆ ಎಷ್ಟು ಒಳ್ಳೆಯದಾದರೂ ಕಳಿಸುವ ಕೊಳವೆ ಸಣ್ಣದಿದ್ದರೆ ನೀರು ಸಣ್ಣಗೇ ಬರುತ್ತದೆ. ಇದನ್ನು ಎಷ್ಟೋ ಜನ 4ಕೆ ಮಾನಿಟರ್ ತಂದ ಮೇಲೆ ಕಂಡುಕೊಳ್ಳುತ್ತಾರೆ.

ಎರಡನೆಯದು ಕೆಂಪು. ಕರಡಿನಲ್ಲಿ ನಾನು ತಿದ್ದುಪಡಿ ಹಾಕುವುದು ಕೆಂಪು ಅಕ್ಷರದಲ್ಲಿ. ಆ ಟಿವಿಯಲ್ಲಿ ಕೆಂಪು ಅಕ್ಷರಗಳು ಒದ್ದೆ ಹಾಳೆ ಮೇಲೆ ಬರೆದ ಶಾಯಿಯ ಹಾಗೆ ಅಂಚಲ್ಲಿ ಹರಡಿಕೊಂಡಿದ್ದವು. ಕಪ್ಪು ಅಕ್ಷರ ಪರವಾಗಿಲ್ಲ, ಕೆಂಪು ಮಾತ್ರ ಕಲಸುಮೇಲೋಗರ. ಸಿನಿಮಾ ಕಳಿಸುವಾಗ ಜಾಗ ಉಳಿಸಲು ಒಂದು ಉಪಾಯ ಇದೆ: ಬೆಳಕಿನ ವಿವರವನ್ನು ಚುಕ್ಕಿ ಚುಕ್ಕಿಗೂ ಇಟ್ಟುಕೊಂಡು, ಬಣ್ಣದ ವಿವರವನ್ನು ನಾಲ್ಕು ಚುಕ್ಕಿಗೆ ಒಂದೇ ಅಂತ ಹಂಚುವುದು. ಮುಖ, ಮರ, ಆಕಾಶ ನೋಡುವಾಗ ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಬಿಳಿ ಮೇಲೆ ಸಣ್ಣ ಕೆಂಪು ಅಕ್ಷರ ಬಂದರೆ ಬಣ್ಣ ಬಯಲು. ಕೆಲವು ಟಿವಿಗಳಲ್ಲಿ ಪಿಸಿ ಅಂತ ಒಂದು ಆಯ್ಕೆ ಇರುತ್ತದೆ, ಅದನ್ನು ಹಾಕಿದರೆ ಸರಿಹೋಗುತ್ತದೆ. ಭಾವಮೈದುನನ ಟಿವಿಯಲ್ಲಿ ಹುಡುಕಿ ಹುಡುಕಿ ಸೋತೆವು. ಅಷ್ಟರಲ್ಲಿ ಅವರ ಮನೆಯಲ್ಲಿ ಧಾರಾವಾಹಿ ಹೊತ್ತಾಯಿತು. ಎದ್ದು ಬಂದೆ.

ಈ ನಡುವೆ ಹೆಂಡತಿಯ ಮಾತೂ ಕೊರೆಯುತ್ತಿತ್ತು. ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. "ಪರದೆ ಎಷ್ಟು ದೂರ ಇಟ್ಕೋತೀರಿ?" ಅಂತ ಕೇಳಿದರು. ಗೊತ್ತಿರಲಿಲ್ಲ. ಮನೆಗೆ ಬಂದು ಮಗಳ ಕೈಲಿ ದಾರ ಹಿಡಿಸಿ ಅಳೆದೆ, 65 ಸೆಂಟಿಮೀಟರ್. ನನ್ನ ಕನ್ನಡಕದ ಓದುವ ಭಾಗ ಪುಸ್ತಕದ ದೂರಕ್ಕೆ ಕೊಟ್ಟದ್ದು, 40ಕ್ಕೆ. ಮೇಲಿನ ಭಾಗ ದೂರದ್ದು ನೋಡುವುದಕ್ಕೆ. ಅಂದರೆ ಇಷ್ಟು ದಿನ ಎರಡೂ ಅಲ್ಲದ ಜಾಗದಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದೆ. ಕಂಪ್ಯೂಟರ್ ದೂರಕ್ಕೇ ಅಂತ ಒಂದು ಕನ್ನಡಕ ಮಾಡಿಸಿದೆ. ಅರ್ಧ ಕಷ್ಟ ಅಲ್ಲೇ ಹೋಯಿತು. ಇದನ್ನು ಹೆಂಡತಿಗೆ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆ 65ರಿಂದ ಇನ್ನೊಂದು ಉಪಯೋಗ ಆಯಿತು. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯ 60ನೇ ಒಂದು ಪಾಲಿನಷ್ಟು ಸಣ್ಣ ಸಂದನ್ನು ಬೇರೆ ಮಾಡಿ ನೋಡಬಲ್ಲದು. 65 ಸೆಂಟಿಮೀಟರ್ ದೂರದಲ್ಲಿ ಅದು 0.19 ಮಿಲಿಮೀಟರ್. ಚುಕ್ಕಿ ಇದಕ್ಕಿಂತ ಸಣ್ಣದಾದರೆ ಕಣ್ಣಿಗೆ ಆಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. 27 ಇಂಚಿನಲ್ಲಿ 4ಕೆ ತಗೊಂಡರೆ ಚುಕ್ಕಿ 0.16. ಚೆಂದ, ಆದರೆ ನನ್ನ ಬಜೆಟ್ಟು ದಾಟುತ್ತದೆ, ನನ್ನ ಲ್ಯಾಪ್‌ಟಾಪ್ ಕಿಂಡಿಗೂ ಅದು ಜಾಸ್ತಿ. ಫುಲ್ ಎಚ್‌ಡಿ, 4ಕೆ ಇವೆರಡರ ನಡುವೆ 2560×1440 ಅಂತ ಒಂದಿದೆ. ಅಂಗಡಿಯವರು ಟೂ-ಕೆ ಅನ್ನುತ್ತಾರೆ, ಪೆಟ್ಟಿಗೆ ಮೇಲೆ ಕ್ಯೂಎಚ್‌ಡಿ ಅಂತಿರುತ್ತದೆ. 27 ಇಂಚಿನಲ್ಲಿ ಅದರ ಚುಕ್ಕಿ 0.23. ಫುಲ್ ಎಚ್‌ಡಿಯಲ್ಲಿ 20 ಲಕ್ಷ ಚುಕ್ಕಿ ಇದ್ದರೆ ಇದರಲ್ಲಿ 36 ಲಕ್ಷ ದಾಟುತ್ತದೆ. ನನ್ನ 1.4 ಕಿಂಡಿ ಇದನ್ನು ಸೆಕೆಂಡಿಗೆ 60 ಸಲ ಆರಾಮಾಗಿ ಕಳಿಸುತ್ತದೆ.

ಇನ್ನೊಂದು ಕಾರಣವೂ ಇತ್ತು. ನಾನು ಇವತ್ತಿಗೂ ಎಷ್ಟೋ ಕೆಲಸಕ್ಕೆ ಪೇಜ್‌ಮೇಕರ್ 7 ಅನ್ನುವ ಪುಟ ಕಟ್ಟುವ ಹಳೇ ತಂತ್ರಾಂಶ ಬಳಸುತ್ತೇನೆ. ನಗಬೇಡಿ. ಹಳೇ ನುಡಿ ಫಾಂಟಿನಲ್ಲಿ ಕಟ್ಟಿದ ಪುಸ್ತಕಗಳು ಮರುಮುದ್ರಣಕ್ಕೆ ಬಂದರೆ ಮತ್ತೇನು ಮಾಡಲಿ? ಪೇಜ್‌ಮೇಕರ್ 7 2001ರದ್ದು. 4ಕೆ ಪರದೆಯಲ್ಲಿ ಅದರ ಮೆನುಗಳು ಸಾಸಿವೆ ಕಾಳಾಗುತ್ತವೆ. ವಿಂಡೋಸ್‌ನಲ್ಲಿ ಎಲ್ಲವನ್ನೂ 150 ಶೇಕಡಕ್ಕೆ ಹಿಗ್ಗಿಸಿದರೆ ಇಂಥ ಹಳೇ ತಂತ್ರಾಂಶಗಳು ಮಸುಕಾಗುತ್ತವೆ. 27 ಇಂಚಿನ 1440ರಲ್ಲಿ ಏನನ್ನೂ ಹಿಗ್ಗಿಸಬೇಕಾಗಿಲ್ಲ, 100 ಶೇಕಡದಲ್ಲೇ ನಡೆಯುತ್ತದೆ.

ಹೀಗೆ ಮನಸ್ಸು ಗಟ್ಟಿ ಮಾಡಿಕೊಂಡು, ದೀಪಾವಳಿಗೆ ಒಂದು ವಾರ ಇರುವಾಗ ಮೈಸೂರಿನಿಂದ ಬೆಂಗಳೂರಿಗೆ ಬೆಳಗಿನ ರೈಲು ಹತ್ತಿದೆ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಒಂದೇ ಸ್ಟಾಪು. ಅಲ್ಲಿಂದ ನಡೆದು, ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡ್. ಕೈಯಲ್ಲಿ ಒಂದು ಪೆನ್‌ಡ್ರೈವ್, ಅದರಲ್ಲಿ 31ನೇ ಪುಟದ ಪಿಡಿಎಫ್. ಚೀಲದಲ್ಲಿ ಎರಡು ಖಾಲಿ ಎ4 ಹಾಳೆ, ಒಂದು ಅಳತೆ ಟೇಪು.

ಮೊದಲ ಅಂಗಡಿಯ ಹುಡುಗ ಪೆಟ್ಟಿಗೆಗಳನ್ನು ತೋರಿಸುತ್ತಾ ಮಂತ್ರ ಶುರು ಮಾಡಿದ. "ಸರ್, 100 ಹರ್ಟ್ಸ್, ಒನ್ ಎಂಎಸ್, ಎಚ್‌ಡಿಆರ್, 16.7 ಮಿಲಿಯನ್ ಕಲರ್..." ಮೊದಲೆರಡು ಚಿತ್ರ ಬದಲಾಗುವ ವೇಗದ ಲೆಕ್ಕ, ಆಟ ಆಡುವ ಹುಡುಗರಿಗೆ ಬೇಕು. 16.7 ಮಿಲಿಯನ್ ಬಣ್ಣ ಎಲ್ಲದರಲ್ಲೂ ಇರುತ್ತದೆ. ಎಚ್‌ಡಿಆರ್ ಅಂದರೆ ಕತ್ತಲು, ಬೆಳಕು ಎರಡನ್ನೂ ಹೆಚ್ಚು ವಿವರವಾಗಿ ತೋರಿಸುವುದು. ಆ ಚೀಟಿ 250 ನಿಟ್ (ಪರದೆಯ ಬೆಳಕಿನ ಅಳತೆ) ಪರದೆ ಮೇಲೂ ಅಂಟಿರುತ್ತದೆ. ಪರದೆಗಳಿಗೆ ಮಾನದಂಡ ಮಾಡುವ ವೇಸಾ ಸಂಸ್ಥೆ ಎಚ್‌ಡಿಆರ್‌ಗೆ ಕೊಡುವ ಮುದ್ರೆಯ ಮೊದಲ ಮೆಟ್ಟಿಲೇ 400. ಇದನ್ನೆಲ್ಲ ನಾನು ಅವನಿಗೆ ಹೇಳಲಿಲ್ಲ. ಪೆನ್‌ಡ್ರೈವ್ ಕೊಟ್ಟು, "ಈ ಪುಟ ಹಾಕಪ್ಪ" ಅಂದೆ. ಅವನಿಗೆ ವಿಚಿತ್ರ ಅನ್ನಿಸಿತು. ಅಲ್ಲಿ ಎಲ್ಲ ಪರದೆಗಳಲ್ಲೂ ಹೊಳೆಯುವ ಗಿಳಿ, ಜಲಪಾತ ಓಡುತ್ತಿದ್ದವು. ಗಿಳಿ ಎಂಥ ಪರದೆಯಲ್ಲೂ ಚೆನ್ನಾಗೇ ಕಾಣುತ್ತದೆ.

ಒಂದು ವಿಎ ಪರದೆ, ಒಂದು ಐಪಿಎಸ್ ಪರದೆ ಪಕ್ಕಪಕ್ಕ ಇದ್ದವು. ಪರದೆ ಮಾಡುವ ಎರಡು ಬಗೆ ಅವು. ವಿಎಯಲ್ಲಿ ಕಪ್ಪು ನಿಜಕ್ಕೂ ಕಪ್ಪು. ಐಪಿಎಸ್‌ನ ಕಪ್ಪು ಅದರ ಮುಂದೆ ಬೂದಿ. ಆದರೆ ಹತ್ತಿರ ಕೂತರೆ ವಿಎಯ ಅಂಚಿನಲ್ಲಿ ಅಕ್ಷರದ ಬಣ್ಣ ಕೊಂಚ ತೇಲಿದಂತೆ ಕಂಡಿತು, ತಲೆ ಸರಿಸಿದರೆ ಬದಲಾಯಿತು. ಸಿನಿಮಾ ನೋಡುವವರು ವಿಎ ತಗೊಳ್ಳಿ. ಇಡೀ ದಿನ ಬಿಳಿ ಹಾಳೆ ನೋಡುವ ನನ್ನಂಥವರಿಗೆ ಐಪಿಎಸ್ ಸಾಕು. ಪರದೆ ಮೇಲೆ ಎ4 ಹಾಳೆ ಹಿಡಿದು ಅಳೆದೆ. ಎರಡು ಪುಟ ಹಿಡಿಸಿದವು, ಜಾಗವೂ ಮಿಕ್ಕಿತು. ಆಮೇಲೆ 65 ಸೆಂಟಿಮೀಟರ್ ದೂರ ಸ್ಟೂಲು ಎಳೆದುಕೊಂಡು ಕೂತೆ. "ಮದ್ಯಮಾವಧಿ" ಅಂತಲೇ ಕಂಡಿತು. ಸೀಳಿಲ್ಲದ ದ. ಅದೇ ಪದದ ಕೊನೆಯಲ್ಲಿರುವ "ಧಿ"ಯ ಸೀಳು ಬ್ಲೇಡಿನಲ್ಲಿ ಗೀರಿದ ಹಾಗೆ. 13 ಚುಕ್ಕಿ ಇದ್ದ ಅಕ್ಷರಕ್ಕೆ ಈಗ ಸುಮಾರು 18 ಸಿಗುತ್ತಿತ್ತು. ಐದೇ ಚುಕ್ಕಿ.

ಹುಡುಗ ಇಣುಕಿ ನೋಡಿ, "ಸರ್, ಇದು ಮಧ್ಯಮಾವಧಿ ಆಗ್ಬೇಕಲ್ವಾ?" ಅಂದ. ನಾನು "ಹೌದಪ್ಪ" ಅಂತ ಮಾತ್ರ ಅಂದೆ.

ಬೆಲೆ 16,800. ಬಿಲ್ ಇಲ್ಲದೆ ತಗೊಂಡರೆ ಇನ್ನೂ ಕಡಿಮೆ ಆಗುತ್ತದೆ ಅನ್ನುವ ಮಾತು ಬಂತು. ಬಿಲ್ ಇಲ್ಲದಿದ್ದರೆ ಮೂರು ವರ್ಷದ ವಾರಂಟಿ ಯಾರ ಹತ್ತಿರ ಕೇಳಲಿ? ಬಿಲ್ ಹಾಕಿಸಿದೆ. ಅಲ್ಲೇ ಪೆಟ್ಟಿಗೆ ಒಡೆಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿಸಿ ಸತ್ತ ಚುಕ್ಕಿ ಇದೆಯಾ ನೋಡಿದೆ. ಇದನ್ನು ಅಂಗಡಿಯಲ್ಲೇ ಮಾಡಿಕೊಳ್ಳಿ. ಒಂದೆರಡು ಸತ್ತ ಚುಕ್ಕಿಗೆ ಬದಲಿ ಕೊಡುವುದಿಲ್ಲ ಅಂತ ಎಷ್ಟೋ ಕಂಪನಿಗಳ ವಾರಂಟಿ ಕಾಗದದಲ್ಲೇ ಬರೆದಿರುತ್ತದೆ.

ರೈಲಿನಲ್ಲಿ ಆ ಪೆಟ್ಟಿಗೆ ಮೇಲಿನ ಕಂಬಿಯಲ್ಲಿ ಕೂರಲಿಲ್ಲ. ಮೈಸೂರಿನವರೆಗೂ ಕಾಲ ಮುಂದೆ ನಿಲ್ಲಿಸಿಕೊಂಡು, ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದೆ. ಎದುರಿಗಿದ್ದ ಅಜ್ಜಿ "ಟಿವೀನಾ ಮಗಾ?" ಅಂದರು. ಹೂಂ ಅಂದೆ.

ಬಜೆಟ್ 1,800 ದಾಟಿತ್ತು. ಹಾಗಾಗಿ ಎತ್ತರ ಹೊಂದಿಸುವ ಸ್ಟ್ಯಾಂಡಿನ ಆಸೆ ಬಿಟ್ಟೆ. ಇದರ ಜೊತೆ ಬಂದ ಸ್ಟ್ಯಾಂಡು ಹಿಂದೆ ಮುಂದೆ ಬಾಗುತ್ತದೆ ಅಷ್ಟೇ, ಏಳುವುದಿಲ್ಲ. ಹಿಂಬದಿಯಲ್ಲಿ 100 ಮಿಲಿಮೀಟರ್ ಚೌಕದ ನಾಲ್ಕು ತೂತು ಇವೆ. ದುಡ್ಡು ಬಂದಾಗ ಒಂದು ತೋಳು ಹಾಕಿಸಬಹುದು. ಸದ್ಯಕ್ಕೆ ಕೆಳಗೆ ಒಂದು ರೀಮು ಎ4 ಹಾಳೆ ಇಟ್ಟಿದ್ದೇನೆ. 500 ಹಾಳೆ, ಐದು ಸೆಂಟಿಮೀಟರ್, ಸರಿಯಾದ ಎತ್ತರ. ಮಗಳು ಪ್ರಾಜೆಕ್ಟ್‌ಗೆ ಅಂತ ಅದರಿಂದಲೇ ಹಾಳೆ ಎಳೆಯುತ್ತಾಳೆ. ಪರದೆ ವಾರಕ್ಕೊಂದಿಷ್ಟು ಇಳಿಯುತ್ತಿದೆ.

ಅವತ್ತು ರಾತ್ರಿ ಎಲ್ಲ ಜೋಡಿಸಿ, ಹೊಸ ಕನ್ನಡಕ ಹಾಕಿಕೊಂಡು, ಮತ್ತೆ ಅದೇ 31ನೇ ಪುಟ ತೆರೆದೆ. ಈ ಸಲ ಅಂಗಡಿಯ ಗಲಾಟೆ ಇರಲಿಲ್ಲ. ಮೇಲಿಂದ ಕೆಳಗೆ ನಿಧಾನಕ್ಕೆ ಓದಿದೆ. ಕೋಷ್ಟಕದ ಕೊನೆಯ ಸಾಲಿಗೆ ಬಂದಾಗ ಕಣ್ಣು ನಿಂತಿತು. ಸುಸ್ತಿ ಬಾಕಿ ಅಂತ ಇರಬೇಕಾದಲ್ಲಿ "ಸುಸ್ತಿ ಭಾಕಿ" ಅಂತಿತ್ತು. ಬ ಅಕ್ಷರಕ್ಕೆ ಯಾರೋ ಸುಮ್ನೆ ಹೊಟ್ಟೆ ಸೀಳಿದ್ದರು.

ಕಾರ್ಯದರ್ಶಿಗೆ ಇನ್ನೂ ಹೇಳಿಲ್ಲ.